ಮಾತ್ರೆಯ ದುಡ್ಡು

ಬೀಡಿ ಕಟ್ಟಿ ಕಟ್ಟಿ ಅಪ್ಪಿಯ ಬೆರಳುಗಳು ಸೊಟ್ಟಗಾಗಿದ್ದವು. ಅರವತ್ತು ದಾಟಿದ ಮೇಲೆ ಎಲೆ ಸುರುಳಿ ಮಾಡಲಿಕ್ಕೂ ಕೈ ಬಾರದೆ, ಬೀಡಿಯ ಸೂಪನ್ನು, ಎಲೆ ಹೊಗೆಸೊಪ್ಪು ಹರಡಿಕೊಳ್ಳುವ ಆ ಮೊರವನ್ನು, ಅಟ್ಟಕ್ಕೆ ಹಾಕಿ ಕೂತುಬಿಟ್ಟಳು. ಬಂದ್ಯೋಡು ಪೇಟೆಯಿಂದ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿಯ ಕಾಲೊನಿಯಲ್ಲಿ ಅವಳ ಮನೆ. ಪಂಚಾಯತು ಕಟ್ಟಿಸಿಕೊಟ್ಟ ಎರಡು ಕೋಣೆ, ಎದುರಿಗೊಂದು ಸಣ್ಣ ಜಗಲಿ. ಮಗ ಯೋಗೀಶ ಮನೆಗಳಿಗೆ ಪೈಂಟು ಬಳಿಯುವವನು. ಮಳೆ ಹಿಡಿದರೆ ಮೂರು ತಿಂಗಳು ಅವನಿಗೆ ಕೆಲಸ ಇಲ್ಲ. ಸೊಸೆ ನಿಶ್ಮಿತಾ ತೊಳಿಲುರಪ್ಪಿನ, ಅಂದರೆ ಪಂಚಾಯತಿನ ಉದ್ಯೋಗಖಾತ್ರಿಯ, ಕೆಲಸ ಇದ್ದಾಗ ಅಲ್ಲಿಗೆ, ಇಲ್ಲದಾಗ ಪೇಟೆಯ ಅಂಗಡಿಗಳನ್ನು ಗುಡಿಸಲಿಕ್ಕೆ ಹೋಗುತ್ತಿದ್ದಳು. ಮೊಮ್ಮಗಳು ಯಶ್ಮಿತಾ ಶಾಲೆಗೆ.

ವಯಸ್ಸಿಗೆ ದಾಖಲೆ ಇಲ್ಲ ಎಂದು ಅಪ್ಪಿಯ ಪಿಂಚಣಿ ಅರ್ಜಿ ಎರಡು ಸಲ ತಿರುಗಿ ಬಂದಿತ್ತು. ಮೂರನೆಯ ಸಲ ಹೇಗೋ ಪಾಸಾಯಿತು. ಆ ಮೇಲೆ ತಿಂಗಳಿಗೊಮ್ಮೆ ಸಹಕಾರಿ ಬ್ಯಾಂಕಿನ ದಮಯಂತಿ ಸ್ಕೂಟರಿನಲ್ಲಿ ಬಂದು, ಜಗಲಿಯಲ್ಲಿ ಕೂತು, ಸಾವಿರದ ಆರುನೂರು ರೂಪಾಯಿ ಅಪ್ಪಿಯ ಕೈಗೇ ಕೊಟ್ಟು ಹೋಗತೊಡಗಿದಳು.

ಮೊದಲ ಸಲ ಆ ನೋಟುಗಳನ್ನು ಹಿಡಿದು ಅಪ್ಪಿಗೆ ಎಂತ ಮಾಡಬೇಕೆಂದೇ ತಿಳಿಯಲಿಲ್ಲ. ಬೀಡಿಯ ದುಡ್ಡಾದರೆ ಕಟ್ಟಿದ ಬೀಡಿ ಕಣ್ಣ ಮುಂದೆ ಇರುತ್ತಿತ್ತು. ಇದು ಕೂತಲ್ಲಿಗೆ ಬಂದದ್ದು. ಹಾಗೇ ಒಳಗೆ ಹೋಗಿ ಅಷ್ಟನ್ನೂ ಸೊಸೆಯ ಕೈಗೆ ಹಾಕಿದಳು.

ನಿಶ್ಮಿತಾ ಜಾಣೆ. ಮೊದಲ ತಿಂಗಳು ಅಕ್ಕಿ ಅಂಗಡಿಯ ಬಾಕಿ ತೀರಿಸಿದಳು. ಎರಡನೆಯ ತಿಂಗಳು ಯಶ್ಮಿತಾಳಿಗೆ ಕನ್ನಡಕ ಮಾಡಿಸಿದಳು. ಹುಡುಗಿ ಓದಿನಲ್ಲಿ ಹಿಂದೆ ಎಂದು ಟೀಚರು ಹೇಳುತ್ತಿದ್ದರು. ಕನ್ನಡಕ ಬಂದ ಮೇಲೆ ಗೊತ್ತಾಯಿತು, ಅವಳಿಗೆ ಬೋರ್ಡೇ ಕಾಣುತ್ತಿರಲಿಲ್ಲ ಎಂದು. ಮಳೆಗಾಲದಲ್ಲಿಯೂ ಈ ದುಡ್ಡು ತಪ್ಪುವುದಿಲ್ಲ ಎಂದು ನಂಬಿಕೆ ಬಂದ ಮೇಲೆ ನಿಶ್ಮಿತಾಳಿಗೆ ಧೈರ್ಯ ಬಂತು. ಹೆಂಗಸರ ಸಂಘ ಕುಟುಂಬಶ್ರೀಯಿಂದ ಸಾಲ ತೆಗೆದು ದೊಡ್ಡ ಗ್ರೈಂಡರ್ ತಂದಳು. ದೋಸೆ ಹಿಟ್ಟು ಕಡೆದು, ಪ್ಯಾಕೆಟು ಕಟ್ಟಿ ನಾಲ್ಕು ಅಂಗಡಿಗಳಿಗೆ ಹಾಕತೊಡಗಿದಳು. ಪೇಟೆ ಗುಡಿಸುವ ಕೆಲಸ ಬಿಟ್ಟಳು. ಸಾಲದ ಕಂತು ಪಿಂಚಣಿಯಿಂದ ಹೋಗುತ್ತಿತ್ತು. ಯೋಗೀಶನೂ ಅದೇ ವರ್ಷ ಕುಡಿತ ಬಿಟ್ಟ. ಬಿಟ್ಟದ್ದು ಯಾಕೆ ಎಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳಿದರೆ ಎಲ್ಲಿ ತಿರುಗಿ ಶುರುವಾಗುತ್ತದೋ ಎಂಬ ಹೆದರಿಕೆ ಎಲ್ಲರಿಗೂ.

ಅಪ್ಪಿಗೆ ಪ್ರೆಶರ್ ಉಂಟೆಂದು ತಿಳಿದದ್ದು ಆ ಮೇಲೆ. ಬಂದ್ಯೋಡಿನ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೊರಟಾಗ ನಿಶ್ಮಿತಾ ಇನ್ನೂರು ರೂಪಾಯಿ ಕೊಟ್ಟು, ಮಾತ್ರೆ ಹೊರಗೆ ಬರೆದುಕೊಟ್ಟರೆ ಇರಲಿ ಎಂದಳು. ಮಾತ್ರೆ ಆಸ್ಪತ್ರೆಯಲ್ಲೇ ಸಿಕ್ಕಿತು, ದುಡ್ಡು ಕೇಳಲಿಲ್ಲ. ಇನ್ನೂರು ರೂಪಾಯಿ ಸೆರಗಿನ ಗಂಟಿನಲ್ಲೇ ಉಳಿಯಿತು.

ಹೊತ್ತು ಒಂದು ಗಂಟೆ ದಾಟಿತ್ತು. ಬಸ್ಸು ನಿಲ್ಲುವಲ್ಲಿ ಎದುರಿಗೇ ಒಂದು ಹೋಟೆಲು. ಒಳಗಿಂದ ಮೀನು ಕಾಯಿಸುವ ಪರಿಮಳ. ಅಪ್ಪಿ ತನ್ನ ಜನ್ಮದಲ್ಲಿ ಹೋಟೆಲಿನೊಳಗೆ ಕೂತು ಉಂಡವಳಲ್ಲ. ಸಣ್ಣವಳಿದ್ದಾಗ ಅಪ್ಪನ ಜತೆ ಒಂದು ಚಾದಂಗಡಿಗೆ ಹೋಗುವುದಿತ್ತು. ಹಿಂದಿನ ಬದಿಯಲ್ಲಿ ನಿಲ್ಲಬೇಕು, ತೆಂಗಿನ ಗೆರಟೆಯಲ್ಲಿ ಚಾ ಹೊಯ್ಯುತ್ತಿದ್ದರು, ಕುಡಿದ ಮೇಲೆ ಗೆರಟೆಯನ್ನು ತಾವೇ ಬಿಸಾಡಬೇಕು. ಈಗ ಅಂಥದ್ದೆಲ್ಲ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಹೋಟೆಲಿನ ಮೆಟ್ಟಿಲು ಹತ್ತುವುದೆಂದರೆ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ಆ ದಿನ ಹೇಗೆ ಹತ್ತಿದಳೋ ಅವಳಿಗೇ ತಿಳಿಯದು.

ಫ್ಯಾನಿನ ಕೆಳಗಿನ ಮೇಜಿನಲ್ಲಿ ಕೂತಳು. ಒಬ್ಬ ಹೆಂಗಸು ಬಿಸಿ ನೀರು ತಂದಿಟ್ಟು, "ಎಂತ ಕೊಡ್ಲಿ ಅಮ್ಮ?" ಎಂದಳು. ಅಪ್ಪಿ ಊಟ ಎಂದಳು, ಆ ಮೇಲೆ ಸ್ವರ ತಗ್ಗಿಸಿ ಒಂದು ಬಂಗುಡೆ ಫ್ರೈ ಎಂದಳು. ಮನೆಯಲ್ಲಿ ಮೀನು ತಂದ ದಿನ ನಡುವಿನ ತುಂಡುಗಳು ಮಗನಿಗೆ, ಮೊಮ್ಮಗಳಿಗೆ. ಸೊಸೆ ಒಂದು ತುಂಡು ಕೊಟ್ಟರೂ ಅವಳೇ ಬೇಡವೆಂದು ತಲೆಯನ್ನು ಹಾಕಿಸಿಕೊಳ್ಳುತ್ತಿದ್ದಳು. ಇಲ್ಲಿ ತಲೆಯಿಂದ ಬಾಲದವರೆಗೆ ಒಂದು ಇಡೀ ಬಂಗುಡೆ, ಅವಳೊಬ್ಬಳಿಗೇ. ಮುಳ್ಳು ಮಾತ್ರ ಉಳಿಯುವವರೆಗೆ ನಿಧಾನವಾಗಿ ತಿಂದಳು. ಮನೆಗೆ ಬಂದಾಗ ನಿಶ್ಮಿತಾ ಮಾತ್ರೆಗೆ ಎಷ್ಟಾಯಿತು ಎಂದು ಕೇಳಲೇ ಇಲ್ಲ. ಮುಂದಿನ ತಿಂಗಳು ಪಿಂಚಣಿ ಬಂದಾಗ ಅವಳೇ ಇನ್ನೂರು ತೆಗೆದು, ಇದು ನಿಮ್ಮ ಮಾತ್ರೆಗೆ ಮಾಮಿ ಎಂದು ಕೊಟ್ಟಳು. ಮಾತ್ರೆ ಧರ್ಮಕ್ಕೆ ಸಿಗುತ್ತದೆ ಎಂದು ಹೇಳಬೇಕಾದದ್ದು ಆಗ. ಅಪ್ಪಿ ಹೇಳಲಿಲ್ಲ. ಗಂಟು ಕಟ್ಟಿಕೊಂಡಳು.

ಹೀಗೆ ಎರಡು ವರ್ಷ. ತಿಂಗಳಿಗೊಂದು ದಿನ ಆಸ್ಪತ್ರೆ, ಆ ಮೇಲೆ ಹೋಟೆಲು. ಪ್ರತಿ ಸಲ ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕೈ ಮೂಸಿ ನೋಡಿಕೊಳ್ಳುತ್ತಿದ್ದಳು. ಮನೆಯ ಹತ್ತಿರದ ನಳ್ಳಿಯಲ್ಲಿ ಮತ್ತೊಮ್ಮೆ ಕೈ ತೊಳೆದೇ ಒಳಗೆ ಹೋಗುವುದು. ಗ್ರೈಂಡರಿನ ಎದುರು ಬೆವರು ಸುರಿಸುತ್ತ ನಿಂತ ಸೊಸೆಯನ್ನು ಕಂಡರೆ, ಇನ್ನು ಹೋಗುವುದಿಲ್ಲ ಎಂದುಕೊಳ್ಳುತ್ತಿದ್ದಳು. ತಿಂಗಳು ಕಳೆದರೆ ಹೋಗುತ್ತಿದ್ದಳು.

ಈ ವರ್ಷ ಮಳೆ ಶುರುವಾಗುವ ಮೊದಲು ಅಪ್ಪಿಗೆ ಜ್ವರ ಬಂತು. ಮಾತ್ರೆ ಮುಗಿದಿತ್ತು. ಚೀಟಿ ಹಿಡಿದು ನಿಶ್ಮಿತಾ ತಾನೇ ಆಸ್ಪತ್ರೆಗೆ ಹೋದಳು. ಮಾತ್ರೆ ಕೊಡುವ ಕಿಟಕಿಯಲ್ಲಿ ಅವಳು ಇನ್ನೂರು ರೂಪಾಯಿ ಚಾಚಿದಾಗ, ಒಳಗಿದ್ದಾಕೆ ನಕ್ಕು, ಈ ಮಾತ್ರೆಗೆ ನಾವು ಯಾವತ್ತೂ ದುಡ್ಡು ತೆಗೊಂಡದ್ದಿಲ್ಲ ಎಂದಳಂತೆ.

ನಿಶ್ಮಿತಾ ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ತನಗೆ ತಿಳಿದ ಹಾಗೆ ಲೆಕ್ಕ ಕೂಡಿಸಿದ್ದಳು. ಆಸ್ಪತ್ರೆ ಬಿಟ್ಟರೆ ಹೊರಗೆಲ್ಲಿಗೂ ಹೋಗದ, ಕೈಯಲ್ಲಿ ಒಂದು ರೂಪಾಯಿ ಇಟ್ಟುಕೊಳ್ಳದ ಮುದುಕಿಗೆ ದುಡ್ಡು ಯಾಕೆ? ಕೊಟ್ಟಿದ್ದರೆ ಮಗನಿಗೇ ಕೊಟ್ಟಿರಬೇಕು. ಹಿಂದಿನ ವಾರ ಯೋಗೀಶ ಕೆಲಸದಿಂದ ಬಂದಾಗ ಕಣ್ಣು ಕೆಂಪಾಗಿತ್ತು, ಮೈಯಿಂದ ಎಂತದೋ ವಾಸನೆ. ಥಿನ್ನರಿನದ್ದು ಎಂದಿದ್ದ. ನಂಬಿದ್ದಳು.

ಸಂಜೆ ಯೋಗೀಶ ಬಂದು ಕಾಲು ತೊಳೆಯುವ ಮೊದಲೇ ಕೇಳಿಬಿಟ್ಟಳು. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, ತಾನು ತೆಗೊಂಡಿಲ್ಲ ಎಂದ. ಮಧೂರು ಗಣಪತಿಯ ಮೇಲೆ ಆಣೆ ಎಂದ. ಹಿಂದೆ ಕುಡಿಯುತ್ತಿದ್ದಾಗಲೂ ಅವನು ಎಷ್ಟೋ ಆಣೆ ಹಾಕಿದವನು. ನಿಶ್ಮಿತಾ ಚಾಪೆಯಲ್ಲಿ ಮಲಗಿದ್ದ ಅತ್ತೆಯ ಕಡೆ ತಿರುಗಿದಳು.

"ಮಾಮಿ, ನೀವೇ ಹೇಳಿ. ಇವರು ಕೇಳಿ ತೆಗೊಂಡದ್ದಲ್ವಾ?"

ಅಪ್ಪಿ ಬಾಯಿ ತೆರೆದಳು. ಹೋಟೆಲು ಎಂಬ ಶಬ್ದ ನಾಲಗೆಯ ತುದಿಗೆ ಬಂತು. ಮಗ ನೋಡುತ್ತಿದ್ದ, ಸೊಸೆ ನೋಡುತ್ತಿದ್ದಳು, ಬಾಗಿಲ ಹತ್ತಿರ ಪುಸ್ತಕ ಹಿಡಿದು ಯಶ್ಮಿತಾ ನಿಂತಿದ್ದಳು. ಆ ಮೂವರ ಎದುರು, ನಾನು ಮೀನು ತಿಂದೆ ಎಂದು ಹೇಳುವುದು ಹೇಗೆ? ಅಪ್ಪಿ ತಲೆ ತಗ್ಗಿಸಿದಳು.

ಮಗನನ್ನು ಬಿಟ್ಟುಕೊಡಲಾರದೆ ತಾಯಿ ತಲೆ ತಗ್ಗಿಸಿದಳು ಎಂದು ನಿಶ್ಮಿತಾ ತಿಳಿದಳು. ಮತ್ತೆ ಎಂತದೂ ಕೇಳಲಿಲ್ಲ. ಯೋಗೀಶ ಒಂದು ಗಳಿಗೆ ತಾಯಿಯನ್ನೇ ನೋಡುತ್ತ ನಿಂತು, ಜಗಲಿಗೆ ಹೋಗಿ ಕೂತ. ಆ ದಿನ ಅವನು ಉಣ್ಣಲಿಲ್ಲ.

ಮರುದಿನ ಮನೆಯಲ್ಲಿ ಗ್ರೈಂಡರಿನದ್ದೊಂದೇ ಸ್ವರ. ಜ್ವರ ಬಿಟ್ಟಿದ್ದರೂ ಅಪ್ಪಿ ಚಾಪೆಯಿಂದ ಏಳಲಿಲ್ಲ. ಎದ್ದರೆ ಮಗನ ಮುಖ ನೋಡಬೇಕು. ನಿಶ್ಮಿತಾ ಅವಳಿಗೆ ಗಂಜಿ ತಂದಿಡುತ್ತ, ತಾಯಿಯ ದುಡ್ಡಿಗೂ ಕೈ ಹಾಕುವವನಿಗಾಗಿ ನೀವು ಯಾಕೆ ಕೊರಗುತ್ತೀರಿ ಎಂದು ಸಮಾಧಾನ ಹೇಳಿದಳು. ಸಂಜೆ ಯಶ್ಮಿತಾ ಹತ್ತಿರ ಬಂದು ಕೂತು, ಅಪ್ಪ ತಿರುಗಿ ಕುಡಿಯಲಿಕ್ಕೆ ಶುರು ಮಾಡಿದ್ದಾರಾ ಅಜ್ಜಿ ಎಂದು ಮೆಲ್ಲಗೆ ಕೇಳಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪಿ ಇಲ್ಲ ಎಂದಳು. ಮತ್ತೆ ದುಡ್ಡು ಎಲ್ಲಿ ಹೋಯಿತು ಎಂದು ಹುಡುಗಿ ಕೇಳಿದ್ದಕ್ಕೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮೂರನೆಯ ದಿನ ಬೆಳಿಗ್ಗೆ ಯೋಗೀಶ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿಸಿದ. ಅಡೂರಿನ ಕಡೆ ಒಂದು ದೊಡ್ಡ ಮನೆಯ ಕೆಲಸ ಉಂಟು, ಅಲ್ಲೇ ಉಳಿಯುತ್ತೇನೆ, ಮುಗಿಯುವಾಗ ತಿಂಗಳಾದೀತು ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ನಿಶ್ಮಿತಾ ಹಿಟ್ಟಿನ ಪ್ಯಾಕೆಟು ಕಟ್ಟುವುದನ್ನು ನಿಲ್ಲಿಸಲಿಲ್ಲ. ಅವನು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ. ಇವನು ಈಗ ಹೋದರೆ ನಾಳೆ ನಿಜವಾಗಿ ಕುಡಿಯುತ್ತಾನೆ, ಕುಡಿಸಿದವಳು ನಾನೇ ಎಂದು ಅಪ್ಪಿಗೆ ಅನ್ನಿಸಿತು. ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು.

"ಯೋಗಿ, ನಿಲ್ಲು. ಆ ದುಡ್ಡು ನಾನು ತಿಂದದ್ದು."

ಅವನು ತಿರುಗಿ ನಿಂತ. ನಿಶ್ಮಿತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅಪ್ಪಿ ಕಂಬಕ್ಕೊರಗಿ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದಳು. ಯಾವ ಹೋಟೆಲು, ಎಂತ ತಿನ್ನುವುದು, ಕೈ ತೊಳೆದು ಒಳಗೆ ಬರುವುದು, ಎಲ್ಲ. ಹೇಳುತ್ತ ಹೇಳುತ್ತ ಅವಳ ಸ್ವರ ಎಷ್ಟು ಸಣ್ಣದಾಯಿತೆಂದರೆ ಕೊನೆಯ ಮಾತುಗಳು ಅವಳಿಗೇ ಕೇಳಲಿಲ್ಲ. ಎಂಟು ವರ್ಷದ ಹುಡುಗಿ ಬೆಲ್ಲ ಕದ್ದು ಸಿಕ್ಕಿಬಿದ್ದ ಹಾಗೆ, ಅರವತ್ತಾರರ ಮುದುಕಿ ತನ್ನ ಮಕ್ಕಳ ಎದುರು ನಿಂತಿದ್ದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೋ ಎಂತೋ.

"ಮೀನು ತಿಂದದ್ದು ಇರಲಿ ಅಮ್ಮ," ಎಂದ ಯೋಗೀಶ. "ಇವಳು ಕೇಳಿದಾಗ ನೀನು ತಲೆ ತಗ್ಗಿಸಿದ್ದಿಯಲ್ಲ. ಮೂರು ದಿನ ಬಾಯಿ ಬಿಡದೆ ಹಾಗೇ ಮಲಗಿದ್ದಿಯಲ್ಲ."

ಅವನು ಚೀಲವನ್ನು ಜಗಲಿಯ ಮೇಲಿಟ್ಟು ಬರಿಗೈಯಲ್ಲಿ ಕೆಲಸಕ್ಕೆ ಹೋದ. ಸಂಜೆ ಮನೆಗೆ ಬಂದ. ನಿಶ್ಮಿತಾ ಬಾಗಿಲಲ್ಲೇ ಕಾದು ನಿಂತಿದ್ದು, ಕಾಲಿಗೆ ನೀರು ಕೊಟ್ಟು, ಅವನಿಗೆ ಮಾತ್ರ ಕೇಳುವ ಹಾಗೆ ಎಂತದೋ ಹೇಳಿದಳು. ಅವನು ಹೂಂ ಎಂದ, ಅಷ್ಟೆ. ತಾಯಿಯೊಡನೆ ಅವನು ಮಾತಾಡಲಿಲ್ಲ. ಅಪ್ಪಿಯೂ ಅವನ ಕಣ್ಣಿಗೆ ಬೀಳಲಿಲ್ಲ. ಅವನು ಉಂಡೆದ್ದ ಮೇಲೆ ಅಡಿಗೆ ಕೋಣೆಗೆ ಹೋಗುತ್ತಿದ್ದಳು.

ಒಂದು ದಿನ ಉದ್ದು ತೊಳೆಯುತ್ತ ಕೂತಿದ್ದಾಗ ನಿಶ್ಮಿತಾ ಕೇಳಿದಳು. "ನನ್ನತ್ರ ಹೇಳಿದ್ರೆ ನಾನು ಬೇಡ ಹೇಳ್ತಿದ್ದೆನಾ ಮಾಮಿ?"

ನಿಶ್ಮಿತಾ ಉದ್ದಿನ ನೀರು ಚೆಲ್ಲಿ, ಪಾತ್ರೆಯನ್ನು ಕೆಳಗಿಟ್ಟಳು.

"ಹೇಳ್ತಿದ್ದೆನೋ ಎಂತೋ," ಎಂದಳು. "ಬಾಯಲ್ಲಿ ಬೇಡ ಹೇಳ್ತಿರ್ಲಿಲ್ಲ. ಮುಖ ದಪ್ಪ ಮಾಡ್ತಿದ್ದೆ. ಪಿಂಚಣಿ ನಿಮ್ಮ ಹೆಸರಲ್ಲಿ ಬರುವುದು ಅಂತ ನನಗೆ ನೆನಪೇ ಇರ್ಲಿಲ್ಲ." ಅವಳ ಕಿವಿಯವರೆಗೆ ಕೆಂಪಾಗಿತ್ತು. ಸೊಸೆಗೂ ನಾಚಿಕೆಯಾದೀತು ಎಂದು ಅಪ್ಪಿ ಎಣಿಸಿರಲಿಲ್ಲ. ಅದನ್ನು ನೋಡಿ ಅವಳಿಗೆ ತನ್ನದು ಇಮ್ಮಡಿಯಾಯಿತು.

ಮುಂದಿನ ತಿಂಗಳು ದಮಯಂತಿ ಬಂದಾಗ ಅಪ್ಪಿ ಜಗಲಿಯಲ್ಲಿ ಕೂರಲಿಲ್ಲ, ನಿಂತೇ ದುಡ್ಡು ತೆಗೆದುಕೊಂಡಳು. ಸೊಸೆಗೆ ಕೊಟ್ಟಳು. ನಿಶ್ಮಿತಾ ಅದರಿಂದ ಇನ್ನೂರು ತೆಗೆದು ಅವಳ ಕೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು, ಯಾವುದಕ್ಕೆಂದು ಹೇಳಲಿಲ್ಲ. ಆ ನೋಟುಗಳು ನಾಲ್ಕು ದಿನ ದಿಂಬಿನಡಿಯಲ್ಲೇ ಇದ್ದವು. ಯಶ್ಮಿತಾಳ ಪುಸ್ತಕಕ್ಕೆ ಕೊಡುವುದೋ, ಸೊಸೆಗೇ ತಿರುಗಿ ಕೊಡುವುದೋ ಎಂದು ಯೋಚಿಸುತ್ತಿದ್ದಳು. ಹೋಟೆಲಿನ ನೆನಪಾದರೆ ಮೈ ಹಿಡಿಯಾಗುತ್ತಿತ್ತು.

ಭಾನುವಾರ ಮಧ್ಯಾಹ್ನದ ಮೊದಲು ಯೋಗೀಶ ಅಂಗಿ ಹಾಕಿಕೊಂಡು ಬಂದು, ಬಾ ಎಂದ. ಆಸ್ಪತ್ರೆಗೋ ಎಂದು ಅವಳು ಚೀಟಿ ಹುಡುಕಿದಳು. ಚೀಟಿ ಬೇಡ ಎಂದ. ದಿಂಬಿನಡಿಯ ನೋಟುಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಹೊರಟಳು. ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತು, ಅವನು ಎದುರಿನಲ್ಲಿ ನಿಂತ. ಬಂದ್ಯೋಡಿನಲ್ಲಿಳಿದು, ಯಾವುದು ಎಂದು ಕೇಳಿದ. ಅಪ್ಪಿ ಕೈ ತೋರಿಸಿದಳು.

ಫ್ಯಾನಿನ ಕೆಳಗಿನ ಮೇಜು ಖಾಲಿ ಇರಲಿಲ್ಲ. ಕೈ ತೊಳೆಯುವಲ್ಲಿಗೆ ಹತ್ತಿರದ ಮೇಜಿನಲ್ಲಿ ಎದುರುಬದುರಾಗಿ ಕೂತರು. ಆ ಹೆಂಗಸು ಅಪ್ಪಿಯನ್ನು ಗುರುತು ಹಿಡಿದು, ಕಾಣದೆ ತುಂಬ ದಿನವಾಯಿತು, ಇವರು ಮಗನಾ ಎಂದು ಕೇಳಿದಳು. ಅಪ್ಪಿಗೆ ಮೇಜಿನಡಿಗೆ ಇಳಿಯುವಷ್ಟು ನಾಚಿಕೆಯಾಯಿತು. ಯೋಗೀಶ ಹೌದು ಎಂದ. ಅಮ್ಮನಿಗೆ ಊಟ, ಬಂಗುಡೆ ಫ್ರೈ, ನನಗೆ ಒಂದು ಚಾ ಎಂದ.

ಮೀನು ಬಂತು. ಅಪ್ಪಿ ನಡುವಿನ ತುಂಡನ್ನು ಮುರಿದು ಅವನ ಕಡೆ ಚಾಚಿದಳು. ಅವನು ಬೇಡವೆಂದು ತಲೆಯಾಡಿಸಿದ.

"ನಿನ್ನ ಸಿಟ್ಟು ಹೋಗಲಿಲ್ವಾ?" ಎಂದು ಅವಳು ಕೇಳಿದಳು.

"ಇಲ್ಲ," ಎಂದ ಅವನು. "ಅದಕ್ಕೆ ಸ್ವಲ್ಪ ದಿನ ಬೇಕು. ನೀನು ತಿನ್ನು, ತಣಿಯುತ್ತದೆ."

ಅಪ್ಪಿ ತಲೆ ತಗ್ಗಿಸಿ ತಿಂದಳು. ಉಪ್ಪುಂಟೋ ಖಾರ ಉಂಟೋ ಅವಳಿಗೆ ತಿಳಿಯಲಿಲ್ಲ. ಬಿಟ್ಟೆದ್ದರೆ ಅವನಿಗೆ ಬೇಸರವಾದೀತು ಎಂದು ಮುಗಿಸಿದಳು. ಒಂದು ಸಲ ಮುಳ್ಳು ಗಂಟಲಿಗೆ ಸಿಕ್ಕಿ ಕೆಮ್ಮು ಬಂದಾಗ ಅವನು ನೀರಿನ ಗ್ಲಾಸನ್ನು ಅವಳ ಹತ್ತಿರಕ್ಕೆ ಸರಿಸಿದ, ಅವಳು ಕುಡಿದು ಮುಗಿಸುವವರೆಗೆ ನೋಡುತ್ತಿದ್ದ.

ಏಳುವಾಗ ಯೋಗೀಶ ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಅಪ್ಪಿ ಸೆರಗಿನ ಗಂಟು ಬಿಚ್ಚಿ, ಅವನ ಚಾದ ದುಡ್ಡೂ ಸೇರಿಸಿ ತಾನೇ ಕೊಟ್ಟಳು. ಅವನು ಬೇಡವೆನ್ನಲಿಲ್ಲ.