ತೋಳಿನಳತೆಯ ಗಾಡಿ

ಇದಾಲಿಯ ಮನೆಯಿಂದ ಡಯಾಲಿಸಿಸ್ ಆಸ್ಪತ್ರೆಗೆ ನಾಲ್ಕೇ ಕಿಲೋಮೀಟರು. ಪಾಲ್ಮಿರಾ ಊರು ಅಂಗೈಯಷ್ಟು ಚಪ್ಪಟೆ. ಗಟ್ಟಿಮುಟ್ಟಾದವರಿಗೆ ಅದೊಂದು ದಾರಿಯೇ ಅಲ್ಲ. ಅವಳ ಮಗ ಡುವಾನ್ ಮಾತ್ರ ಆ ದಾರಿಯನ್ನು ಮಂಗಳವಾರ, ಗುರುವಾರ, ಶನಿವಾರ ಹೋಗಿ ಬರಬೇಕಿತ್ತು. ಒಂದು ಸರದಿ ತಪ್ಪಿದರೆ ಮುಖ ಊದುತ್ತದೆ, ಎರಡು ತಪ್ಪಿದರೆ ಏನಾಗುತ್ತದೆಂದು ನರ್ಸ್ ಬಾಯಿಬಿಟ್ಟು ಹೇಳಿರಲಿಲ್ಲ. ಇದಾಲಿಯ ಕೈಯನ್ನು ಒಮ್ಮೆ ಒತ್ತಿದ್ದಳು, ಅಷ್ಟೆ.

ಬಸ್ಸು ಹತ್ತಲು ಆರು ಬೀದಿ ನಡೆಯಬೇಕು. ವಾರಕ್ಕೆ ಆರು ಸಲ ಟ್ಯಾಕ್ಸಿ ಹಿಡಿಯುವುದು ಹೋಟೆಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವಳ ಕೈಗೆ ನಿಲುಕುವ ಮಾತಲ್ಲ. ಒಂದು ದಿನ ಕುದುರೆಗಾಡಿಯಲ್ಲೂ ಹೋದರು. ಮದುವೆ ದಿಬ್ಬಣವೇನೋ ಎಂದು ದಾರಿಯಲ್ಲಿ ಹೆಂಗಸರು ಕೈಬೀಸಿದರು. ಡುವಾನ್ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಕೂತ. ಆಮೇಲೆ ಇದಾಲಿ ಐವತ್ತೊಂದನೆಯ ವಯಸ್ಸಿನಲ್ಲಿ, ತಂಗಿಯ ಗಂಡನ ಹಳೇ ಸ್ಕೂಟರಿನಲ್ಲಿ ಬಿದ್ದು ಎದ್ದು ಓಡಿಸುವುದನ್ನು ಕಲಿತು, ಲೈಸೆನ್ಸನ್ನೂ ಮಾಡಿಸಿದಳು. ಮಗನನ್ನು ಹಿಂದೆ ಕೂರಿಸಿಕೊಂಡು ಹೋಗುವುದು, ಕರೆದುಕೊಂಡು ಬರುವುದು. ಇಷ್ಟೇ ಅವಳ ಲೆಕ್ಕಾಚಾರ.

ಲೈಸೆನ್ಸು ಬಂದ ವಾರವೇ ಊರಾಡಳಿತದ ಆದೇಶವೂ ಬಂತು. ಊರಲ್ಲಿ ಬೈಕಿನಲ್ಲಿ ಇಬ್ಬರು ಬಂದು, ಹಿಂದೆ ಕೂತವನು ಗುಂಡು ಹಾರಿಸಿ ಹೋಗುವುದು ಹೆಚ್ಚಾಗಿತ್ತು. ಒಂದೇ ತಿಂಗಳಲ್ಲಿ ಐದು ಹೆಣ ಬಿದ್ದಿದ್ದವು. ಇನ್ನು ಮುಂದೆ ಹದಿನಾಲ್ಕು ದಾಟಿದ ಯಾವ ಗಂಡಸೂ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವಂತಿಲ್ಲ, ಓಡಿಸುವವರು ಯಾರೇ ಆಗಿರಲಿ. ಸಿಕ್ಕಿಬಿದ್ದರೆ ಗಾಡಿ ಎತ್ತಿಕೊಂಡು ಹೋಗುತ್ತಾರೆ. ಕಾಯಿಲೆಯವರಿಗೆ ಏನಾದರೂ ವಿನಾಯಿತಿ ಇದೆಯೇ ಎಂದು ಇದಾಲಿ ಆ ಕಾಗದವನ್ನು ಎರಡು ಸಲ ಓದಿದಳು. ಇರಲಿಲ್ಲ.

"ನಾನೇ ಓಡಿಸ್ತೀನಿ, ನೀನು ಹಿಂದೆ ಕೂತ್ಕೋ," ಎಂದ ಡುವಾನ್. "ಹೆಂಗಸರು ಕೂರಬಹುದಲ್ಲ."

ಅವನಿಗೆ ಇಪ್ಪತ್ಮೂರು. ಮೂತ್ರಪಿಂಡ ಕೈಕೊಡುವ ಮುಂಚೆ ಬೈಕಿನಲ್ಲಿ ಮನೆಮನೆಗೆ ಊಟ, ಔಷಧಿ ಮುಟ್ಟಿಸುತ್ತಿದ್ದವನು. ಕಣ್ಣು ಕಟ್ಟಿ ಬಿಟ್ಟರೂ ಊರು ಸುತ್ತಿ ಬರುತ್ತೇನೆ ಎನ್ನುತ್ತಿದ್ದವನು. ಹೋಗುವಾಗ ಓಡಿಸಬಲ್ಲ ಎಂಬುದು ಇದಾಲಿಗೂ ಗೊತ್ತಿತ್ತು. ಬರುವಾಗ? ನಾಲ್ಕು ಗಂಟೆ ಯಂತ್ರಕ್ಕೆ ಅಂಟಿಕೊಂಡು ಎದ್ದ ಮೇಲೆ ಅವನಿಗೆ ಶೂ ದಾರ ಕಟ್ಟಿಕೊಳ್ಳಲೂ ಆಗುತ್ತಿರಲಿಲ್ಲ. ಸೋಮವಾರ ಇಬ್ಬರೂ ಹಳೇ ಬೈಕುಗಳನ್ನು ಮಾರುವ ದೋನ್ ಒವಿದಿಯೊನ ಗ್ಯಾರೇಜಿಗೆ ಹೋದರು.

ದೋನ್ ಎಂದು ಊರೆಲ್ಲ ಗೌರವದಿಂದ ಕರೆಯುತ್ತಿದ್ದ ಒವಿದಿಯೊಗೆ ಎಪ್ಪತ್ತು ದಾಟಿತ್ತು. ಗಿರಾಕಿಗಳಿಗೆ ಮೊದಲು ಕುರ್ಚಿ, ಆಮೇಲೆ ಕಾಫಿ, ಆಮೇಲೆ ಗಾಡಿ. ಡುವಾನ್ ಕಾಫಿ ಬೇಡವೆಂದಾಗ ಮುದುಕ ಒತ್ತಾಯಿಸಲಿಲ್ಲ. ಒಳಗೆ ಹೋಗಿ ಒಂದೇ ಒಂದು ಐಸ್ ತುಂಡನ್ನು ಬಟ್ಟಲಲ್ಲಿ ತಂದು ಅವನ ಮುಂದಿಟ್ಟ. ನೀರು ಅಳೆದು ಕುಡಿಯಬೇಕಾದವರು ಐಸ್ ಚೀಪುತ್ತಾರೆಂದು ಇವನಿಗೆ ಹೇಗೆ ಗೊತ್ತು ಎಂದು ಇದಾಲಿಗೆ ಆಶ್ಚರ್ಯವಾಯಿತು. ಅವನ ಕಣ್ಣು ಡುವಾನನ ಎಡ ತೋಳಿನ ಮೇಲಿತ್ತು. ಅಂಥ ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಅದರೊಳಗೆ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ ಜಾಗ ಹಗ್ಗದ ಗಂಟಿನಂತೆ ಉಬ್ಬಿತ್ತು.

ಡುವಾನ್ ನೇರವಾಗಿ ಹೋಗಿ ನಿಂತದ್ದು ಎತ್ತರದ ಒಂದು ಕೆಂಪು ಬೈಕಿನ ಬಳಿ. ಟ್ಯಾಂಕಿನ ಮೇಲೆ ಕೈಯಾಡಿಸಿದ. ತಿಂಗಳುಗಳಿಂದ ಅವನ ಮುಖದಲ್ಲಿ ಕಾಣದ ಬೆಳಕೊಂದು ಕಂಡಿತು. ಇದಾಲಿಗೆ ಅದನ್ನು ನೋಡುವುದೇ ಕಷ್ಟವಾಯಿತು.

"ಹತ್ತಿ ಕೂತ್ಕೋ," ಎಂದ ದೋನ್ ಒವಿದಿಯೊ. "ಹತ್ತು ಸಲ ಕ್ಲಚ್ ಹಿಡಿದು ಬಿಡು. ಊರೊಳಗೆ ನಾಲ್ಕು ಕಿಲೋಮೀಟರ್ ಅಂದ್ರೆ ಹೆದ್ದಾರೀಲಿ ನಲವತ್ತು ಹೋದ್ಹಾಗೆ. ಮೂಲೆ ಮೂಲೇಲೂ ಹಿಡೀಬೇಕು."

ಐದನೆಯ ಸಲಕ್ಕೆ ಡುವಾನನ ತುಟಿ ಬಿಳಚಿತು. ಆರನೆಯ ಸಲ ಬೆರಳುಗಳು ಮಡಚಲೇ ಇಲ್ಲ.

"ಕೇಬಲ್ ಬಿಗಿ ಇದೆ," ಎಂದ.

"ಹೌದು, ಅದರ ಕೇಬಲ್ ಸ್ವಲ್ಪ ಬಿಗೀನೇ," ಎಂದ ಮುದುಕ. ಕೇಬಲ್ಲಿನ ತುದಿಯಲ್ಲಿ ಆಗಷ್ಟೇ ಹಾಕಿದ ಎಣ್ಣೆ ಮಿನುಗುತ್ತಿದ್ದುದನ್ನು ಇದಾಲಿ ನೋಡಿದಳು. ಆ ಒಂದು ಸುಳ್ಳಿಗಾಗಿ ಅವಳು ಆ ಮುದುಕನನ್ನು ಬದುಕಿರುವ ತನಕ ಮರೆಯಲಿಲ್ಲ.

ಆಮೇಲೆ ನೋಡಿದ್ದು ಕ್ಲಚ್ಚಿಲ್ಲದ, ಕಾಲಲ್ಲೇ ಗೇರು ಹಾಕುವ ಚಿಕ್ಕ ಬೈಕು. ಕೈಗೆ ಹಗುರ, ಪೆಟ್ರೋಲೂ ಕಡಿಮೆ. ಡುವಾನ್ ಒಲ್ಲದ ಮನಸ್ಸಿನಿಂದ ಆಗಬಹುದು ಎಂದ. ಅವನು ಟೈರು ನೋಡಲು ಬಗ್ಗಿದಾಗ ದೋನ್ ಒವಿದಿಯೊ ಇದಾಲಿಯನ್ನು ಪಕ್ಕಕ್ಕೆ ಕರೆದು, ವಾಪಸ್ ಬರುವಾಗ ನಿಜವಾಗಿ ಓಡಿಸುವವರು ಯಾರು ಎಂದು ಕೇಳಿದ. ಅವಳು ಮಗನ ಬಗ್ಗಿದ ಬೆನ್ನನ್ನು ನೋಡಿದಳು. ತನ್ನ ಹೆಂಡತಿಯನ್ನೂ ಎರಡು ವರ್ಷ ಆ ಯಂತ್ರಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ಆಗ ಆದೇಶ ಗೀದೇಶ ಇರಲಿಲ್ಲ ಎಂದು ಅವನೇ ಹೇಳಿದ. ಆಮೇಲೆ ಅವಳ ಕೈಗಳನ್ನು ನೋಡಿದ.

"ದೋನ್ಯಾ ಇದಾಲಿ, ನಿಮ್ಮ ತೋಳು ಉದ್ದ ಇದಾವೆ."

"ಇಸ್ತ್ರಿ ಮಾಡಿ ಮಾಡಿ ಬೆಳೆದಿರಬೇಕು."

"ಆದೇಶದಲ್ಲಿ ಹಿಂದೆ ಗಂಡಸು ಕೂರಬಾರದು ಅಂತಿದೆ. ಮುಂದೆ ಕೂತವನೇ ಹ್ಯಾಂಡಲ್ ಹಿಡೀಬೇಕು ಅಂತ ನಾನಂತೂ ಓದಿಲ್ಲ."

ಮೂಲೆಯಲ್ಲಿ ಗುಜರಿಗೆ ಹಾಕಲೆಂದು ಇಟ್ಟಂತಿದ್ದ ಬೂದು ಬಣ್ಣದ ಸ್ಕೂಟರೊಂದನ್ನು ಅವನು ಹೊರಗೆ ತಳ್ಳಿದ. ಗೇರಿಲ್ಲ, ಕಾಲಿಗೆ ಕೆಲಸವಿಲ್ಲ; ಎರಡು ಬ್ರೇಕೂ ಕೈಯಲ್ಲೇ. ಗಾಡಿ ಗಿಡ್ಡ, ಸೀಟು ತಗ್ಗು. ಮುದುಕ ತಾನೇ ಮುಂದೆ ಕೂತು, ಇದಾಲಿಯನ್ನು ಹಿಂದೆ ಕೂರಿಸಿ, ತನ್ನ ಪಕ್ಕೆಯ ಎರಡೂ ಬದಿಯಿಂದ ತೋಳು ಚಾಚಿ ಹ್ಯಾಂಡಲ್ ಹಿಡಿಯಲು ಹೇಳಿದ. ಅವಳ ಬೆರಳು ಬ್ರೇಕಿಗೆ ನಾಲ್ಕಂಗುಲ ಸಾಲದಾಯಿತು.

"ಹ್ಯಾಂಡಲ್ ಹಿಂದಕ್ಕೆ ಬಗ್ಗಿಸಿ ಕೊಡ್ತೀನಿ," ಎಂದ. "ಸ್ವಲ್ಪ ಹೀಗೇ ಇರಿ. ನನ್ನನ್ನ ಯಾರಾದ್ರೂ ಹೀಗೆ ಹಿಡಿದು ಹನ್ನೊಂದು ವರ್ಷ ಆಯ್ತು."

ಇದಾಲಿ ನಕ್ಕಳು. ಡುವಾನ್ ನಗಲಿಲ್ಲ. ಕೆಂಪು ಬೈಕಿನ ಪಕ್ಕ ನಿಂತು, ಎರಡು ವರ್ಷದ ಕೂಸಿನಂತೆ ತನ್ನನ್ನು ಮುಂದೆ ಕೂರಿಸಿಕೊಂಡು ಹೋಗುವ ಆ ಗಾಡಿಯನ್ನು ನೋಡುತ್ತಿದ್ದ. ಬೇಡವೆಂದು ಹೇಳಲು ಅವನ ಬಳಿ ಇದ್ದ ಕಾರಣವನ್ನು ಅಮ್ಮನ ಮುಂದೆ ಬಾಯಿಬಿಟ್ಟು ಆಡುವಂತಿರಲಿಲ್ಲ. ಕೊನೆಗೆ, "ಹೋಗುವಾಗ ನಾನೇ ಓಡಿಸೋದು," ಎಂದ. ಆಗಲಿ ಎಂದಳು.

ಹಾಗೆ ಐದು ವಾರ ನಡೆಯಿತು. ಹೋಗುವಾಗ ಹ್ಯಾಂಡಲ್ ಅವನದು, ಬರುವಾಗ ಅವಳದು. ಎರಡೂ ಹೆಲ್ಮೆಟ್ಟುಗಳ ಹಿಂದೆ, ಅಲ್ಲಿಯ ಕಾನೂನಿನಂತೆ, ಗಾಡಿಯ ನಂಬರು; ಅವನ ಹೆಲ್ಮೆಟ್ಟು ಅವಳ ಗದ್ದಕ್ಕೆ ಬಡಿಯುತ್ತಿತ್ತು. ಮಗ ಎಷ್ಟು ಇಳಿದುಹೋಗಿದ್ದನೆಂದರೆ ಅವನ ಭುಜದ ಮೇಲಿಂದ ಅವಳಿಗೆ ರಸ್ತೆ ಸಲೀಸಾಗಿ ಕಾಣುತ್ತಿತ್ತು. ಎಷ್ಟೇ ಸುಸ್ತಾದರೂ ಅವನು ಮಾತ್ರ ಒಮ್ಮೆಯೂ ಅವಳಿಗೆ ಒರಗುತ್ತಿರಲಿಲ್ಲ. ಬೆನ್ನನ್ನು ಸೆಟೆದುಕೊಂಡು, ಅವಳ ಎದೆಗೂ ತನ್ನ ಬೆನ್ನಿಗೂ ನಡುವೆ ಒಂದು ಗೇಣು ಉಳಿಸಿಕೊಂಡೇ ಕೂರುತ್ತಿದ್ದ.

ಕಷ್ಟವಿದ್ದದ್ದು ಚೊಂತದುರೊ ಹಣ್ಣು ಬೇಯಿಸಿ ಮಾರುವವಳ ಮೂಲೆಯಲ್ಲಿ. ಅವನ ಜೊತೆ ಊಟ ಹಂಚುತ್ತಿದ್ದ ಹುಡುಗರು ಕೆಲಸವಿಲ್ಲದ ಹೊತ್ತಿನಲ್ಲಿ ಅಲ್ಲೇ ಬೈಕು ನಿಲ್ಲಿಸಿಕೊಂಡು ಕೂರುತ್ತಿದ್ದರು. ಕೆಟ್ಟವರೇನಲ್ಲ. ಅವನು ಮೊದಲು ಆಸ್ಪತ್ರೆ ಸೇರಿದಾಗ ರಕ್ತ ಕೊಟ್ಟವರು ಅವರೇ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನೋ ಡುವಾನ್, ಗಾಡಿ ಜೊತೆ ಅಮ್ಮ ಫ್ರೀನಾ?"

"ದೋನ್ಯಾ ಇದಾಲಿ, ಹುಷಾರು, ಮಗು ಚಡ್ಡಿ ಒದ್ದೆ ಮಾಡ್ಕೊಂಡೀತು!"

ಹಣ್ಣಿನವಳು ಒಬ್ಬಳೇ ಸೌಟಿನಿಂದ ಪಾತ್ರೆ ಬಡಿದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಮನೆಗೆ ಬಂದ ಮೇಲೆ ಡುವಾನ್ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಬೇರೆ ದಾರಿ ಹಿಡಿಯಬಹುದಿತ್ತು. ಆದರೆ ಆ ಬೀದಿಗಳಲ್ಲಿ ಹೊಂಡಗಳು, ಪ್ರತಿ ಹೊಂಡಕ್ಕೂ ಅವನ ತೋಳು ಮಿಡಿಯುತ್ತಿತ್ತು.

ಆರನೆಯ ವಾರದ ಗುರುವಾರ ಇದಾಲಿ ಸ್ನಾನದಲ್ಲಿದ್ದಾಗ ಸ್ಕೂಟರ್ ಹೊರಟ ಸದ್ದಾಯಿತು. ತಾನೇ ಹೋಗಿ ಬರುತ್ತೇನೆ, ವಾಪಸ್ ಬರುವಾಗ ಗೆಳೆಯರು ಹೇಗಾದರೂ ಕರೆತರುತ್ತಾರೆ ಎಂದು ಚೀಟಿ ಬರೆದಿಟ್ಟಿದ್ದ. ಹತ್ತು ಗಂಟೆಗೆ ಹೋಟೆಲಿಗೆ ನರ್ಸಿನ ಫೋನು: ಕುರ್ಚಿ ಖಾಲಿ ಇದೆ, ಡುವಾನ್ ಬಂದಿಲ್ಲ. ಇದಾಲಿ ಇಸ್ತ್ರಿಪೆಟ್ಟಿಗೆ ಆರಿಸಿ ಊರೆಲ್ಲ ಹುಡುಕಿದಳು. ಸಂಜೆ ಐದಕ್ಕೆ ಅವನೇ ಬಂದ. ಮುಖ ಊದಿತ್ತು, ಕಣ್ಣು ಹೊಳೆಯುತ್ತಿದ್ದವು. ಗೆಳೆಯರ ಜೊತೆ ನದಿಯ ತನಕ ಹೋಗಿದ್ದನಂತೆ. ಹಣ್ಣಿನ ರಸ ಹೊಟ್ಟೆತುಂಬ ಕುಡಿದನಂತೆ. ಮೂತ್ರಪಿಂಡ ಕೆಟ್ಟವರಿಗೆ ವಿಷದಂತಿರುವ ಹುರಿದ ಬಾಳೆಕಾಯಿಯನ್ನೂ ತಿಂದನಂತೆ.

"ಇವತ್ತೊಂದು ದಿನ ನಾನು ಕಾಯಿಲೆಯವನಾಗಿರಲಿಲ್ಲಮ್ಮ," ಎಂದ.

ಬೈಯಲೆಂದು ದಿನವಿಡೀ ಮಾತು ಕೂಡಿಸಿಟ್ಟಿದ್ದ ಇದಾಲಿ ನೆಲಕ್ಕೆ ಕೂತಳು. ಅವನ ಕಾಲುಚೀಲ ಬಿಚ್ಚಿದಳು. ಊದಿದ ಕಣಕಾಲಿನಲ್ಲಿ ಅದರ ಅಂಚು ಬಳೆಯಂತೆ ಒತ್ತಿತ್ತು. ನರ್ಸ್ ಮತ್ತೆ ಫೋನು ಮಾಡಿ, ಶುಕ್ರವಾರ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ, ನಾನು ಹೇಗಾದರೂ ಜಾಗ ಮಾಡುತ್ತೇನೆ ಎಂದಳು. ಶುಕ್ರವಾರ ಡುವಾನ್ ಏಳಲಿಲ್ಲ. ನಾಳೆ ಹೇಗೂ ನನ್ನ ಸರದಿ ಇದೆಯಲ್ಲ, ಒಂದು ದಿನ ಬಿಡು ಎಂದ. ಇದಾಲಿ ಎರಡು ಸಲ ಎಬ್ಬಿಸಿದಳು. ಮೂರನೆಯ ಸಲ ಬಾಗಿಲ ತನಕ ಹೋದವಳು, ಅವನು ಗೋಡೆಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ ಮಲಗಿದ್ದುದನ್ನು ನೋಡಿ, ಪರದೆ ಎಳೆದು ಬಂದಳು.

ಶನಿವಾರ ಬೆಳಿಗ್ಗೆ ಅವನು ಹೆಲ್ಮೆಟ್ಟನ್ನು ಅವಳ ಕೈಗೇ ಕೊಟ್ಟ. "ಇವತ್ತು ಹೋಗುವಾಗ್ಲೂ ನೀನೇ ಓಡಿಸು."

ಅವಳಿಗೆ ಒಳಗೊಳಗೇ ನೆಮ್ಮದಿಯಾಯಿತು. ಅಂತೂ ಹಟ ಬಿಟ್ಟ ಎಂದುಕೊಂಡಳು. ಕಾಲು ಎತ್ತಿಡುವಾಗ ಅವನು ತಡವರಿಸಿದ್ದನ್ನು ನಿದ್ದೆಗಣ್ಣು ಎಂದುಕೊಂಡಳು. ಊರಾಚೆಯ ಗದ್ದೆಗಳಲ್ಲಿ ಸುಟ್ಟ ಕಬ್ಬಿನ ಸೋಗೆಯ ಬೂದಿ ಗಾಳಿಯಲ್ಲಿ ಕರಿ ಹತ್ತಿಯಂತೆ ಇಳಿಯುತ್ತಿತ್ತು. ಚೊಂತದುರೊ ಮೂಲೆಯಲ್ಲಿ ಗೆಳೆಯರಿದ್ದರು. ಇವತ್ತು ಯಾರೂ ಚುಡಾಯಿಸಲಿಲ್ಲ, ಒಬ್ಬ ಕೈಯೆತ್ತಿದ. ಡುವಾನನ ಬೆನ್ನು ಮೆಲ್ಲಗೆ ಹಿಂದಕ್ಕೆ ಬಂದು ಅವಳ ಎದೆಗೆ ತಾಗಿತು. ಆಮೇಲೆ ತಲೆಯೂ ಅವಳ ಭುಜಕ್ಕೆ ಒರಗಿತು. ಐದು ವಾರ ಅವನು ಕಾಪಾಡಿಕೊಂಡು ಬಂದಿದ್ದ ಆ ಒಂದು ಗೇಣು ಇಲ್ಲವಾಯಿತು.

"ಹಾಗೇ ಒರಗಿಕೋ, ಮಗನೇ," ಎಂದಳು. "ಇನ್ನೇನು ಬಂದೇಬಿಡ್ತು."

ಎರಡು ಬೀದಿ ಹಾಗೆಯೇ ಸಾಗಿದರು. ಮೂರನೆಯ ಬೀದಿಯಲ್ಲಿ ಅವಳಿಗೆ ಅವನ ಭಾರ ತಿಳಿಯಿತು. ನಿದ್ದೆ ಮಾಡುವವನ ಭಾರ ಅವಳಿಗೆ ಗೊತ್ತಿತ್ತು. ಇಪ್ಪತ್ಮೂರು ವರ್ಷ ಹೊತ್ತಿದ್ದಳು. ಇದು ಅದಲ್ಲ. ಅವಳ ತೋಳಿಗೆ ಒತ್ತಿಕೊಂಡಿದ್ದ ಅವನ ಪಕ್ಕೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು.

ಗಾಡಿ ನಿಲ್ಲಿಸಬೇಕು ಅನ್ನಿಸಿತು. ನಿಲ್ಲಿಸಿದರೆ ಕೈ ತೆಗೆಯಬೇಕು, ತೆಗೆದರೆ ಅವನು ಬೀಳುತ್ತಾನೆ. ಆಸ್ಪತ್ರೆಗೆ ಇನ್ನು ಎಂಟು ಬೀದಿ. ಅಲ್ಲಿ ಯಂತ್ರವಿದೆ, ಜಾಗ ಮಾಡುತ್ತೇನೆಂದ ನರ್ಸ್ ಇದ್ದಾಳೆ. ತೋಳುಗಳನ್ನು ಇನ್ನಷ್ಟು ಬಿಗಿಮಾಡಿ ಅವಳು ಓಡಿಸುತ್ತಲೇ ಹೋದಳು.

ಏಳು ಬೀದಿ ದಾಟಿದ ಮೇಲೆ, ಸಿಗ್ನಲ್ಲಿನ ಬಳಿ ತಪಾಸಣೆ ನಡೆಯುತ್ತಿತ್ತು. ಟ್ರಾಫಿಕ್ ಪೊಲೀಸಿನವನೊಬ್ಬ, ಡುವಾನನದೇ ವಯಸ್ಸಿನವನು, ಅಡ್ಡ ಬಂದು ಕೈ ತೋರಿಸಿದ. ಇದಾಲಿ ಬ್ರೇಕ್ ಹಿಡಿದು ಎರಡೂ ಕಾಲು ನೆಲಕ್ಕೆ ಊರಿದಳು. ಅವನು ಹ್ಯಾಂಡಲ್ ಹಿಡಿದಿರುವ ಕೈಗಳು ಯಾರವೆಂದು ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಮುಂದೆ ಕೂತವನ ಮುಖ ನೋಡಿದ.

ಅವನು ಸೀಟಿ ಊದಲಿಲ್ಲ, ಯಾರನ್ನೂ ಕೂಗಲಿಲ್ಲ. ಮುಂದಿನ ಚಕ್ರವನ್ನು ತನ್ನ ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದ. ಗ್ಲೌಸು ಬಿಚ್ಚಿ, ಡುವಾನನ ಕತ್ತಿನ ಪಕ್ಕ ಎರಡು ಬೆರಳಿಟ್ಟು ನೋಡಿದ. ಬಹಳ ಹೊತ್ತು ಇಟ್ಟ. ಆ ಬೆರಳುಗಳನ್ನು ಅವನು ತೆಗೆದ ರೀತಿಯಲ್ಲೇ ಇದಾಲಿಗೆ ಎಲ್ಲ ತಿಳಿಯಿತು. ತಿಳಿಯದೆ ಉಳಿದದ್ದು ಏನೂ ಇರಲಿಲ್ಲ. ಆ ಪೊಲೀಸಿನವನು ಭುಜಕ್ಕೆ ಸಿಕ್ಕಿಸಿದ್ದ ವೈರ್‌ಲೆಸ್ಸಿನಲ್ಲಿ ತಗ್ಗಿದ ದನಿಯಲ್ಲಿ ಆಂಬುಲೆನ್ಸ್ ಕೇಳಿದ. ಬಾಗಿ ಡುವಾನನನ್ನು ಎದುರಿನಿಂದ ತಬ್ಬಿ ಹಿಡಿದುಕೊಂಡ.

"ಅಮ್ಮಾ, ಇನ್ನು ಕೈ ಬಿಡಿ. ನಾನು ಹಿಡಿದಿದ್ದೀನಿ."

ಅವಳ ಎಡಗೈ ಬಿಟ್ಟಿತು. ಬಲಗೈ ಬಿಡಲೊಲ್ಲದು. ಇಂಜಿನ್ ಅವಳ ಅಂಗೈಯಲ್ಲಿ ನಡುಗುತ್ತಿತ್ತು. ಹಿಂದೆ ವಾಹನಗಳು ಸಾಲುಗಟ್ಟಿದವು. ಎದುರಿಗೇನಾಗಿದೆ ಎಂದು ಕಾಣದ ಯಾರೋ ಹಾರ್ನ್ ಮಾಡುತ್ತಲೇ ಇದ್ದರು. ಆ ಹುಡುಗ ಅವಳ ಬೆರಳುಗಳನ್ನು ಕೀಳಲು ಹೋಗಲಿಲ್ಲ. ಇನ್ನೊಬ್ಬರ ಮಗನ ತಲೆಯನ್ನು ತನ್ನ ಭುಜದ ಮೇಲೆ ಹೊತ್ತು, ಬಗ್ಗಿದ ಹಾಗೆಯೇ ಕಾದ.

"ಅವನ ಎಡ ತೋಳು ಒತ್ತಬೇಡಪ್ಪಾ," ಎಂದಳು ಇದಾಲಿ. "ಅಲ್ಲಿ ನೋವಿದೆ."

ಅವನು ತನ್ನ ಕೈಯನ್ನು ಜೋಪಾನವಾಗಿ ಸ್ವಲ್ಪ ಮೇಲಕ್ಕೆ ಸರಿಸಿಕೊಂಡ.