ಬೂರುಗದ ದಿಂಬು ಹೊತ್ತ ತಲೆ

ನಾನು ಒಂದು ದಿಂಬು. ಗದಗಿನ ಬಸಲಿಂಗವ್ವ ಬೂರುಗದ ಅರಳೆಯ ಬೀಜ ಆರಿಸಿ, ಪಂಚಾಕ್ಷರಿ ನುಡಿಯುತ್ತ ನನ್ನನ್ನು ತುಂಬಿ ಹೊಲಿದಳು. ಮೊದಲು ಅವಳ ಗಂಡನ ತಲೆ ಹೊತ್ತೆ. ಅವನು ಶಿವನ ಪಾದ ಸೇರಿದ ಮೇಲೆ ಮೊಮ್ಮಗಳು ಶಿವಲೀಲಾಳ ಪಾಲಾದೆ.

ಹತ್ತನೆಯ ತರಗತಿಯಲ್ಲಿದ್ದಾಗ ಶಿವಲೀಲಾ ಖೋ ಖೋ ಆಡುತ್ತ ಕಂಬಕ್ಕೆ ತಲೆ ಹೊಡೆದುಕೊಂಡಳು. ಒಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ನೋಡಿದ ಡಾಕ್ಟರು, ಮಿದುಳು ಅಲುಗಿದೆ, ಒಳಗೆ ರಕ್ತಸ್ರಾವವಿಲ್ಲ, ಇನ್ನು ಮೊಬೈಲ್ ಬೇಡ, ಹೊತ್ತಿಗೆ ಸರಿಯಾಗಿ ನಿದ್ದೆ ಬೇಕು ಎಂದು ಹೇಳಿ ಮನೆಗೆ ಕಳುಹಿಸಿದರು. ಪುಸ್ತಕ ತೆರೆದರೆ ಅಕ್ಷರಗಳು ಅಲುಗಾಡುತ್ತಿದ್ದವು. ಮತ್ತೆ ಓದಲಾದೀತೇ ಎಂಬ ಭಯದಿಂದ ಅವಳು ನನ್ನೊಳಗೆ ಮುಖ ಹುದುಗಿಸಿ ಅತ್ತಳು.

ನಮ್ಮ ಓಣಿಯ ಜನ ರೋಗಿಯನ್ನು ನೋಡದೆ ಬಿಡುವವರಲ್ಲ. ಬ್ರೆಡ್ಡು, ಎಳನೀರು ಹಿಡಿದು ಬಂದರು. ಬಂದವರೆಲ್ಲ ಭುಜ ಅಲುಗಿಸಿ ಎಬ್ಬಿಸಿ, "ನಾ ಯಾರ ಹೇಳವಾ ನೋಡೂಣು?" ಎಂದು ಪರೀಕ್ಷೆ ಮಾಡಿದರು. ತಡವರಿಸಿದರೆ ಲೊಚಗುಟ್ಟಿದರು, ಸರಿಯಾಗಿ ಹೇಳಿದರೆ ಇನ್ನೊಬ್ಬರನ್ನು ಮುಂದೆ ತಳ್ಳಿದರು. ಚಿಕ್ಕಪ್ಪ ಮಲ್ಲೇಶಿ ಅವಳಿಂದ ಹದಿಮೂರರ ಮಗ್ಗಿ ಹೇಳಿಸಿ, ವೀಡಿಯೊ ಮಾಡಿ ನೆಂಟರಿಗೆಲ್ಲ ಕಳುಹಿಸಿದ. ಐದನೆಯ ದಿನ ಅವಳು ನನ್ನ ಮೇಲೆ ವಾಂತಿ ಮಾಡಿಕೊಂಡಳು. ಸುತ್ತ ನಿಂತವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ವಾಂತಿ ತೊಳೆದರೆ ಹೋಗುತ್ತದೆ. ಅವರ ಕನಿಕರ ಕಂಡು ನನಗೆ ಹೇಸಿಗೆಯಾಯಿತು.

ಬಸಲಿಂಗವ್ವ ನನ್ನ ಗವಸು ಬದಲಿಸಿ, ಬಾಗಿಲೆಳೆದು, ಹೊರಗೆ ಕುಳಿತಳು. ಬಂದವರನ್ನು ಬಂದ ದಾರಿಯಲ್ಲೇ ಕಳುಹಿಸಿದಳು. ಮುದುಕಿಗೆ ಸೊಕ್ಕು ಎಂದು ಅವರು ಓಣಿಯಲ್ಲಿ ಆಡಿಕೊಂಡರು.

ಸೋಮವಾರ ಮಠದ ಅಯ್ಯನವರು ಶಿವಲೀಲಾಳಿಗೆ ವಿಭೂತಿ ಹಚ್ಚಲು ಬಂದರು. ಮೂವತ್ತು ವರ್ಷದಿಂದ ಸೋಮವಾರ ಅವರು ನಮ್ಮಲ್ಲಿ ಉಣ್ಣದೆ ಬಸಲಿಂಗವ್ವ ಉಂಡವಳಲ್ಲ. ಬಾಗಿಲಾಚೆಯಿಂದ ಅವಳ ದನಿ ಕೇಳಿಸಿತು.

"ಅಯ್ಯಾರ, ಕೂಸು ಈಗ ಮಲಗೇತ್ರಿ. ವಿಭೂತಿ ನನ್ನ ಕೈಯಾಗ ಕೊಡ್ರಿ."

"ನನಗೂ ಬಾಗಲಾ ಹಾಕಿದಿ ಏನವಾ?"

"ಹಾಕೀನ್ರಿ. ಪಾಪ ನನಗ ಬರಲಿ."

ಅಯ್ಯನವರು ಉಣ್ಣದೆ ಹೊರಟುಹೋದರು. ಅವಳೂ ಅಂದು ನೀರು ಮುಟ್ಟಲಿಲ್ಲ. ಅವರನ್ನೇ ತಡೆದಳೆಂದು ತಿಳಿದ ಮೇಲೆ ಬೇರೆ ಯಾರೂ ಬರಲಿಲ್ಲ.

ಶಿವಲೀಲಾ ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳತೊಡಗಿದಳು. ಮೂರನೆಯ ವಾರ ಅರ್ಧ ಪುಟ ಓದಿದಳು. ಅಕ್ಷರಗಳು ಅಲುಗಲಿಲ್ಲ.

ಈಗ ಅವಳು ಧಾರವಾಡದಲ್ಲಿ ಕಾಲೇಜು ಓದುತ್ತಾಳೆ. ಅರಳೆ ಗಂಟುಗಟ್ಟಿದ ನಾನು ಅಟ್ಟದ ಮೇಲಿದ್ದೇನೆ. ಅಯ್ಯನವರು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಬಸಲಿಂಗವ್ವ ಉಸಿರಿರುವವರೆಗೂ ಅದಕ್ಕಾಗಿ ಶಿವನಲ್ಲಿ ಕ್ಷಮೆ ಬೇಡಿದಳು. ನಿಜವಾಗಿ ಕ್ಷಮೆ ಬೇಡಬೇಕಾಗಿದ್ದ ಓಣಿಯ ಜನ ಅಷ್ಟರಲ್ಲಿ ಇನ್ನೊಂದು ಮನೆಯ ರೋಗಿಯನ್ನು ನೋಡಲು ಹೋಗಿದ್ದರು.