ಮಸಿನೀರಿನ ಕೊಳವೆ

೧೯೯೨ರ ಬೇಸಿಗೆಯಲ್ಲಿ ಸಿಂಧನೂರಿನ ಜಂಬಣ್ಣ ತನ್ನ ಅಕ್ಕಿ ಗಿರಣಿಯ ಮಾಳಿಗೆಯ ಮೇಲೆ ಬಿಸಿಲಿಗೆ ನೀರು ಕಾಯಿಸುವ ಗಾಜಿನ ಕೊಳವೆಗಳನ್ನು ಕೂರಿಸಿದ. ಭತ್ತ ನೆನೆಹಾಕಲು ಬಿಸಿನೀರು ಬೇಕಿತ್ತು. ಕೊಳವೆಯ ನೀರಿಗೆ ನುಣ್ಣನೆಯ ಮಸಿ ಬೆರೆಸಿದರೆ ಆ ನೀರೇ ಬಿಸಿಲನ್ನು ಹೀರುತ್ತದೆಂದು ಎಲ್ಲೋ ಓದಿದ್ದ. ಬೆಸುಗೆ ಕೆಲಸಕ್ಕೆ ಮಸ್ಕಿಯ ರಹಮಾನಸಾಬ ಬಂದ.

ಮಸಿ ಬೆರೆಸಿದ ದಿನ, ಭತ್ತದ ತೊಟ್ಟಿಯೊಳಗಿನ ಸುರುಳಿಯಲ್ಲಿ ಮಸಿನೀರು ಹರಿದು, ಅದುವರೆಗೆ ಐವತ್ತೆಂಟು ಡಿಗ್ರಿ ದಾಟದಿದ್ದ ತೊಟ್ಟಿಯ ನೀರು ಎಪ್ಪತ್ತಕ್ಕೇರಿತು. ಇಬ್ಬರೂ ಹುಡುಗರಂತೆ ನಕ್ಕರು.

"ಆದ್ರ ಮಸಿ ತಳಕ್ಕ ಕುಂದರ್ತೈತ್ರಿ. ದಿನಾ ಕೊಳವಿ ತೊಳೀಬೇಕು," ಎಂದ ರಹಮಾನಸಾಬ.

ಜಂಬಣ್ಣ ಮೂರು ದಿನ ತೊಳೆಯಲಿಲ್ಲ. ನಾಲ್ಕನೆಯ ಮಧ್ಯಾಹ್ನ ಮಸಿ ಕಟ್ಟಿ, ಹರಿಯಲಾಗದ ನೀರು ಕುದ್ದು ಕೊಳವೆ ಸಿಡಿಯಿತು. ಕೆಳಗೆ ಬಗ್ಗಿ ಬೆಸುಗೆ ನೋಡುತ್ತಿದ್ದ ರಹಮಾನಸಾಬನ ಎದೆ, ಮುಖ ಬೆಂದವು. ಎಂಟು ದಿನ ನರಳಿ ತೀರಿಕೊಂಡ.

"ಬೆಸುಗಿ ಬಿಟ್ಟಿತ್ತು," ಎಂದು ಜಂಬಣ್ಣ ಕೇಳಿದವರಿಗೆಲ್ಲ ಹೇಳಿದ.

ಆಮೇಲೆ ನಡುಹಗಲಲ್ಲಿ ಮಾಳಿಗೆಯ ಮೇಲೆ ಯಾರೋ ಓಡಾಡುವ ಸದ್ದು ಶುರುವಾಯಿತು. ಹತ್ತಿ ನೋಡಿದರೆ ಯಾರೂ ಇಲ್ಲ; ಒಣಗಿದ ಮಸಿಯ ಮೇಲೆ ಬರಿಗಾಲಿನ ಗುರುತು. ಹಮಾಲ ಗ್ಯಾನಪ್ಪ ಮೇಲೆ ಹೋಗುವುದನ್ನೇ ಬಿಟ್ಟ. "ಅಂವ ಇನ್ನೂ ಕೆಲ್ಸ ಮಾಡಾಕತ್ತಾನ್ರಿ," ಎಂದ. ಜಂಬಣ್ಣನಿಗೆ ಊಟದ ತಟ್ಟೆಯಲ್ಲೂ ಸುಟ್ಟ ಚರ್ಮದ ವಾಸನೆ ಬರತೊಡಗಿತು.

ಮಳೆಗಾಲ ಕಳೆಯುವಷ್ಟರಲ್ಲಿ ತಡೆಯಲಾಗದೆ ಬಸ್ಸು ಹತ್ತಿ ಮಸ್ಕಿಗೆ ಹೋದ. ರಹಮಾನಸಾಬನ ಹೆಂಡತಿ ಶಾಕೀರಾಳ ಎದುರು ಕುಳಿತು, "ತಪ್ಪು ನಂದವ್ವ. ನಾ ತೊಳೀಲಿಲ್ಲ," ಎಂದ.

ಆಕೆ ತಲೆಯ ಸೆರಗು ಸರಿಪಡಿಸಿಕೊಂಡಳು. "ನಂಗ ಗೊತ್ತೈತಿ. ದವಾಖಾನ್ಯಾಗ ಅವರೇ ಹೇಳ್ಯಾರ. ಜಂಬಣ್ಣಗ ಏನೂ ಅನಬ್ಯಾಡ ಅಂದಿದ್ರು. ಆದ್ರ ಬೆಸುಗಿ ಕೆಟ್ಟಿತ್ತಂತ ನೀವಂದ ಮ್ಯಾಗ ನನ್ನ ಮೈದುನನ ಬೆಸುಗಿ ಅಂಗಡಿಗಿ ಯಾರೂ ಬರವಲ್ರು. ನನ್ ಮುಂದ ಹೇಳಿದ್ದು ಸಂತ್ಯಾಗ ಹೇಳ್ರಿ."

ಮಸ್ಕಿಯ ಸಂತೆಯ ದಿನ ಜಂಬಣ್ಣ ಆ ಅಂಗಡಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಒಬ್ಬಾತ ಉಗುಳಿ ನಡೆದ. ಉಳಿದವರು ಕೊನೆತನಕ ನಿಂತು ಕೇಳಿದರು.

ಮರುವಾರ ಶಾಕೀರಾಳ ಮೈದುನ ಚಾಂದ್‌ಪಾಷಾ ಗಿರಣಿಗೆ ಬಂದ. ಕೊಳವೆಗಳನ್ನು ಕಿತ್ತುಹಾಕೆಂದು ಜಂಬಣ್ಣ ಬೇಡಿದ.

"ಅಣ್ಣನ ಕೆಲಸ ನಾ ಕೀಳಂಗಿಲ್ಲ," ಎಂದ ಚಾಂದ್‌ಪಾಷಾ ಒಡೆದ ಗಾಜು ಬದಲಿಸಿ, ತಳದಲ್ಲಿ ಮಸಿ ಹೊರಬಿಡುವ ತಿರುಪು ಕೂರಿಸಿದ. "ಇದನ್ನ ದಿನಾ ನೀವೇ ತಿರುವ್ರಿ. ಆಳಿಗಿ ಹೇಳಬ್ಯಾಡ್ರಿ."

ಅಂದಿನಿಂದ ಜಂಬಣ್ಣ ದಿನವೂ ಒಬ್ಬನೇ ಮಾಳಿಗೆ ಹತ್ತಿ ತಿರುಪು ತಿರುವುತ್ತಾನೆ. ನೀರು ಎಪ್ಪತ್ತು ದಾಟುತ್ತದೆ. ಬೆನ್ನ ಹಿಂದೆ ಯಾರೋ ಬಗ್ಗಿ ನೋಡುತ್ತಿರುವಂತೆ ಅನಿಸಿದರೂ ಅವನು ತಿರುಗಿ ನೋಡುವುದಿಲ್ಲ.